ಫೋನು ಯಾರ ಸೊಂಟದಲ್ಲಿತ್ತು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಎರಡು ಸಲ ಎದ್ದು ಬರುತ್ತೇನೆ. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಿರುತ್ತೇನೆ, ಬಸ್ಸು ಬಂದು ನಿಲ್ಲುವುದು ಮಾತ್ರ ನಾನಿಲ್ಲದ ತುದಿಯಲ್ಲಿ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಯಲ್ಲಿ ನಡೆದಾಡಲು ಜಾಗವೂ ಕಡಿಮೆ. ಅಪ್ಪ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಹಗಲಲ್ಲಿ ಮಲಗಿದ್ದಾಗ, ನನ್ನ ಕಾಲಿನ ಸದ್ದಿಗೆ ಎಚ್ಚರವಾಗಿ, "ಇವಳ ಕಾಲಿಗೆ ಯಾರಾನ ಬ್ರೇಕ್ ಹಾಕ್ರಪ್ಪಾ" ಎಂದು ಗೋಡೆಯ ಕಡೆ ತಿರುಗುತ್ತಿದ್ದರು.

ಇಂಥವಳು ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ವ್ಯಾಯಾಮವನ್ನೇ ಆರಿಸಿಕೊಂಡಳಲ್ಲ, ಸರಿಯಾಗಿದೆ ಎಂದು ಜೊತೆಯವರು ನಕ್ಕರು. ನಿಜ ಹೇಳಬೇಕೆಂದರೆ ನನಗೆ ವ್ಯಾಯಾಮದ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ನಾನು ಓದುತ್ತಿದ್ದದ್ದು ಪೌಷ್ಟಿಕ ಆಹಾರದ ಬಿ.ಎಸ್ಸಿ. ಉಳಿದವರೆಲ್ಲ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿ, ವಾರಗಟ್ಟಲೆ ಲ್ಯಾಬಿನಲ್ಲಿ ಕಾಯುವ ವಿಷಯ ತೆಗೆದುಕೊಂಡಿದ್ದರು. ರಾಗಿ ಮೊಳಕೆ ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿ ಬರಬೇಕು? "ಕಾಲೇಜು ವಿದ್ಯಾರ್ಥಿಗಳಲ್ಲಿ ವ್ಯಾಯಾಮದ ಅರಿವು ಮತ್ತು ಅಭ್ಯಾಸ" ಎಂದರೆ ಒಂದು ಫಾರ್ಮ್ ಹಂಚುವುದು, ತುಂಬಿಸಿಕೊಳ್ಳುವುದು, ಕೂಡಿ ಕಳೆದು ಬರೆಯುವುದು. ಮುಗಿಯಿತು.

ಬೇಗ ಮುಗಿಯಲೇಬೇಕಿತ್ತು. ಹೊಸೂರಿನ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ಊಟ ನೋಡಿಕೊಳ್ಳುವ ವಿಭಾಗಕ್ಕೆ ಒಬ್ಬ ಟ್ರೈನಿ ಬೇಕಿದ್ದಳು. ನನ್ನನ್ನು ಮಾತಾಡಿಸಿ ಒಪ್ಪಿದ್ದರು. ತಿಂಗಳ ಕೊನೆಯೊಳಗೆ ಕಾಲೇಜಿನಿಂದ ಪ್ರಾಜೆಕ್ಟ್ ಮುಗಿದ ಪತ್ರ ತಂದರೆ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಹುಡುಗಿ. ನಾನೋ ಕೆಲಸ ಸಿಕ್ಕೇಬಿಟ್ಟಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹಾಲಿನ ಅಂಗಡಿಯವನಿಗೂ ಗೊತ್ತಿತ್ತು.

ನನ್ನ ಗೈಡ್ ಸೇಲಂ ಕಡೆಯ ಮೇಡಂ. ಅವರದು ತಮಿಳು, ಅವರೊಂದಿಗೆ ನನ್ನದೂ ತಮಿಳೇ. ಬೈಯುವಾಗಲೂ ದನಿ ಏರಿಸುವವರಲ್ಲ. ನನ್ನ ಫಾರ್ಮ್ ಓದಿ, "ಎನ್ನಮ್ಮಾ, ಅರಿವಿನ ಪ್ರಶ್ನೆ ಸರಿ. ಆರೋಗ್ಯವಂತರು ದಿನಕ್ಕೆ ಎಷ್ಟು ಹೊತ್ತು ನಡೀಬೇಕು ಅಂತ ಕೇಳಿದ್ದೀಯ, ಗೊತ್ತಿದ್ದೋರು ಬರೀತಾರೆ. ಅಭ್ಯಾಸಕ್ಕೆ ಬಂದರೆ ಎಲ್ಲರೂ ದಿನಾ ನಡೀತೀನಿ ಅಂತಾನೇ ಬರೆದುಬಿಡ್ತಾರಲ್ಲ, ಅದಕ್ಕೆ ಏನು ಮಾಡ್ತೀಯ?" ಎಂದರು.

"ಫೋನಿನಲ್ಲಿ ಹೆಜ್ಜೆ ಎಣಿಸೋ ಆ್ಯಪ್ ಇದೆ ಮೇಡಂ. ಒಂದು ವಾರ ಎಣಿಸಿ ಕಳಿಸಲಿ. ಫೋನು ಸುಳ್ಳು ಹೇಳಲ್ಲ" ಎಂದೆ ನಾನು, ಅವರು ಮಾತು ಮುಗಿಸುವ ಮೊದಲೇ.

ಮೇಡಂ ಮುಖ ಅರಳಿತು. ನಾನು ಕಾರಿಡಾರಿನಲ್ಲಿ ಅರ್ಧ ಓಡಿಕೊಂಡೇ ಹೋದೆ.

ಮೊದಲ ವರ್ಷದ ತರಗತಿಗಳಿಗೆ ಹೋಗಿ ಫಾರ್ಮ್ ಹಂಚಿದೆ. ಫಾರ್ಮ್ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇತ್ತು. ಕೂತವರಲ್ಲಿ ರಾಯಕೋಟೆ, ತಳಿ ಕಡೆಯಿಂದ ಬರುವವರೇ ಬಹಳ. ಅವರ ಮನೆಮಾತು ಕನ್ನಡ ಇಲ್ಲವೇ ತೆಲುಗು. ನಾನು ಒಂದೊಂದು ಪ್ರಶ್ನೆಯನ್ನೂ ಮೂರು ಭಾಷೆಯಲ್ಲಿ ಕೂಗಿ ಹೇಳಿದೆ. ಎರಡನೇ ಬೆಂಚಿನ ಒಬ್ಬ ತರಲೆ ಕೇಳಿದ: "ಅಕ್ಕಾ, ಬಸ್ಸಿಂದೆ ಓಡಾದು ವ್ಯಾಯಾಮವಾ?"

"ಬಸ್ಸು ಸಿಕ್ತದಾ?"

"ಸಿಕ್ಕಲ್ಲ ಅಕ್ಕ."

"ಹಂಗಾರೆ ಬರ್ಕೊ ಕಣ್ಲಾ. ವಾರಕ್ಕೆ ಆರ್ದಿನ."

ತರಗತಿ ಗೊಳ್ಳೆಂದು ನಕ್ಕಿತು. ನಾನು ಹಲಗೆಯ ಮುಂದೆ ಅತ್ತಿಂದಿತ್ತ ನಡೆಯುತ್ತಾ, ಬೇಗ ಬೇಗ ಎನ್ನುತ್ತಾ, ಹೆಜ್ಜೆ ಎಣಿಸುವ ವಿಷಯ ಹೇಳಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಪೂರ್ತಿ ಎತ್ತಲಿಲ್ಲ, ಕಿವಿಯ ಮಟ್ಟಕ್ಕೆ. "ಡೌಟೆಲ್ಲ ಕೊನೇಲಿ" ಎಂದು ನಾನು ಮುಂದುವರಿಸಿದೆ. ಕೊನೆಯಲ್ಲಿ ಗಂಟೆ ಹೊಡೆಯಿತು. ಫಾರ್ಮ್ ಕಿತ್ತುಕೊಂಡು ಮುಂದಿನ ತರಗತಿಗೆ ಹೊರಟೆ.

ಅವತ್ತೇ ವಾಟ್ಸಾಪ್ ಗುಂಪು ಮಾಡಿ ಸೂಚನೆ ಹಾಕಿದೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಫೋನು ಮೈಮೇಲೇ ಇರಬೇಕು. ಎಲ್ಲಾದರೂ ಇಟ್ಟು ಹೋದರೆ ಲೆಕ್ಕಕ್ಕಿಲ್ಲ. ದಿನವೂ ಸ್ಕ್ರೀನ್‌ಶಾಟ್ ತೆಗೆದು ಕಳಿಸಬೇಕು. ಕೊನೆಗೆ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದು ಈಗಲೂ ಆ ಗುಂಪಿನಲ್ಲಿ ಇದೆ, ನೋಡಿದರೆ ನನಗೇ ಮುಜುಗರವಾಗುತ್ತದೆ.

ವಾರ ಮುಗಿದ ಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ. ಚೆಂದವಾಗಿ ಬಂತು. ಅರಿವಿನ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ತೆಗೆದವರಲ್ಲಿ ಸುಮಾರು ಜನ ಹೆಚ್ಚು ನಡೆದೂ ಇದ್ದರು. ಎಲ್ಲರಿಗಿಂತ ಮೇಲೆ ಒಬ್ಬಳು, ರಾಯಕೋಟೆಯಿಂದ ಬರುವ ಮೊದಲ ವರ್ಷದ ಹುಡುಗಿ. ಅರಿವಿನಲ್ಲಿ ಒಂದೇ ಒಂದು ತಪ್ಪು. ನಡಿಗೆಯಲ್ಲಂತೂ ಅವಳ ಹತ್ತಿರ ಸುಳಿಯುವವರೇ ಇಲ್ಲ, ದಿನವೂ ಎರಡನೆಯವರ ಒಂದೂವರೆ ಪಟ್ಟು. ಭಾನುವಾರವೂ ಬಿಟ್ಟಿರಲಿಲ್ಲ. ಮೇಡಂ ಪಟ್ಟಿಯಲ್ಲಿ ಅವಳ ಸಾಲಿನ ಮೇಲೆ ಬೆರಳಿಟ್ಟು, "ನೋಡು, ಓದಿದ್ದನ್ನ ಮಾಡೋ ಹುಡುಗಿ ಅಂದರೆ ಇವಳು" ಎಂದರು. ವಿಭಾಗದ ಕಾರ್ಯಕ್ರಮದಲ್ಲಿ ನಾನು ಪ್ರಾಜೆಕ್ಟಿನ ಬಗ್ಗೆ ಮಾತಾಡುವುದು, ಆಮೇಲೆ ಅವಳನ್ನು ವೇದಿಕೆಗೆ ಕರೆದು ನಡಿಗೆಗೆಂದೇ ಇರುವ ಒಂದು ಜೊತೆ ಶೂಸ್ ಕೊಡುವುದು ಎಂದೂ ತೀರ್ಮಾನವಾಯಿತು. ಶೂಸ್ ತರುವ ಕೆಲಸ ನನ್ನದು.

ಅಳತೆ ಕೇಳಲು ಅವಳನ್ನು ಹುಡುಕಿಕೊಂಡು ಹೋದೆ. ನೀರಿನ ತೊಟ್ಟಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಳು. ನೋಡಿದ ಕೂಡಲೇ, ಅರ್ಧ ಕೈ ಎತ್ತಿದ್ದವಳು ಇವಳೇ ಎಂದು ಗೊತ್ತಾಯಿತು. ಪುಟ್ಟ ಹುಡುಗಿ, ಕಾಲಲ್ಲಿ ರಬ್ಬರ್ ಚಪ್ಪಲಿ. ವಿಷಯ ಹೇಳಿದೆ. ಅವಳ ಮುಖ ಬೆಳಗಿತು.

"ಏಳನೇ ನಂಬರು ಅಕ್ಕ" ಎಂದಳು.

ನಾನು ಅವಳ ಪಾದ ನೋಡಿದೆ. "ಯಾರ ಕಾಲಿಗೆ ಏಳು? ನಿನ್ನ ಎರಡು ಕಾಲೂ ಒಂದೇ ಶೂನಾಗೆ ಹೋಗ್ತವೆ."

"ನಮ್ಮಮ್ಮಂಗೆ."

"ನಿಮ್ಮಮ್ಮಂಗ್ಯಾಕೆ?"

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನಡ್ದೋರಿಗೆ ತಾನೆ ಅಕ್ಕ ಕೊಡಾದು?"

ಒಂದೊಂದಾಗಿ ಕೇಳಿದೆ, ಒಂದೊಂದಾಗಿ ಹೇಳಿದಳು. ಅವರ ಮನೆಯಲ್ಲಿ ಇರುವುದು ಒಂದೇ ಫೋನು. ಹಗಲೆಲ್ಲ ಅದು ಅವಳ ಅಮ್ಮನ ಹತ್ತಿರ. ಅಮ್ಮ ಪ್ಲಾಸ್ಟಿಕ್ ಚಾವಣಿಯ ಕೆಳಗೆ ರೋಜಾ ಹೂ ಬೆಳೆಯುವ ಪಾಲಿಹೌಸಿನಲ್ಲಿ ಕೂಲಿಗೆ ಹೋಗುತ್ತಾರೆ, ಬೆಳಗಿನಿಂದ ಸಾಲು ಸಾಲು ತಿರುಗಿ ಹೂ ಕೊಯ್ಯುವುದು, ಹೊತ್ತು ತರುವುದು. ಸಂಜೆ ಮನೆಗೆ ಬಂದ ಮೇಲೆ ಇವಳಿಗೆ ಫೋನು ಸಿಗುತ್ತದೆ. ಆಗ ಗುಂಪಿನ ಸೂಚನೆ ಓದಿ, ಆ್ಯಪ್ ಹಾಕಿ, ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದಾಳೆ, ಒಂದು ವಾರ ಮೈಮೇಲಿನಿಂದ ತೆಗೆಯಬೇಡ ಎಂದು. ಅಮ್ಮ ಸೊಂಟದ ಚೀಲಕ್ಕೆ ಹಾಕಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಾರೆ.

"ಮೊದ್ಲೇ ಹೇಳಾಕೇನಾಗಿತ್ತು ನಿಂಗೆ?" ಎಂದು ನಾನು ಕಿರುಚಿದೆ. ತೊಟ್ಟಿಯ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು.

"ಕೈ ಎತ್ತಿದ್ನಲ್ಲ ಅಕ್ಕ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಅವಳ ಮೇಲೆ ಉರಿಯಿತೋ ನನ್ನ ಮೇಲೋ ಆಗ ತಿಳಿಯಲಿಲ್ಲ. ಫಾರ್ಮಿನಲ್ಲಿ ಎತ್ತರ ಕೇಳಿದ್ದೆ, ತೂಕ ಕೇಳಿದ್ದೆ, ಎಷ್ಟು ಗಂಟೆ ನಿದ್ದೆ ಎಂದು ಕೇಳಿದ್ದೆ. ಫೋನು ಯಾರ ಹತ್ತಿರ ಇರುತ್ತದೆ ಎಂದು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಮೂವರಿಗೆ ಮೂರು ಫೋನು. ಹೀಗೂ ಇರಬಹುದೆಂದು ತಲೆಗೇ ಹೊಳೆದಿರಲಿಲ್ಲ. ರಾಯಕೋಟೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬಸ್ಸಿನ ದೂರ.

ಅವತ್ತು ಸಂಜೆಯೇ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳತೊಡಗಿದೆ. ಮನೆಯಲ್ಲಿ ಕೂರಲಾಗದೆ ಮತ್ತಿಗಿರಿಯ ಬೀದಿಯಲ್ಲಿ ತಿರುಗುತ್ತಲೇ ಮಾತಾಡಿದೆ. ಒಬ್ಬನ ಫೋನು ಹಗಲಲ್ಲಿ ಅವನ ಅಣ್ಣನ ಜೊತೆ ಫ್ಯಾಕ್ಟರಿಗೆ ಹೋಗುತ್ತಿತ್ತು. ಇನ್ನೊಬ್ಬಳದು ಕುರಿ ಮೇಯಿಸುವ ತಾತನ ಅಂಗಿಯ ಜೇಬಿನಲ್ಲಿ. ಬಸ್ಸಿನ ಹಿಂದೆ ಓಡುವ ತರಲೆಯದು ಅವನ ಅಮ್ಮನ ಹತ್ತಿರ. "ಅದ್ಕೇ ಅಕ್ಕ ನನ್ ಓಟ ಅದ್ರಾಗೆ ಬಂದಿಲ್ಲ" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಕೂಡಿಸಿ ನೋಡಿದರೆ, ತುಂಬಾ ನಡೆದವರೆಂದು ನಾನು ಬರೆದಿದ್ದ ಮಕ್ಕಳಲ್ಲಿ ಬಹುಪಾಲು ಜನ ನಡೆದೇ ಇರಲಿಲ್ಲ. ಅವರು ತರಗತಿಯಲ್ಲಿ ಕೂತಿದ್ದರು. ನಡೆದವರು ಬೇರೆ ಯಾರೋ.

ಮರುದಿನ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ಎರಡು ದಾರಿ ಇದೆ" ಎಂದರು. "ಫೋನು ಹಂಚಿಕೊಳ್ಳೋರೆಲ್ಲ ಇನ್ನೊಂದು ವಾರ ಫೋನನ್ನ ತಾವೇ ಇಟ್ಟುಕೊಂಡು ಎಣಿಸಲಿ. ಹಾಗೆ ಮಾಡಿದರೆ ಹೇಗೋ ತಿಂಗಳ ಕೊನೆಗೆ ಸಹಿ ಹಾಕ್ತೀನಿ. ಇಲ್ಲ ಅಂದರೆ ಹೆಜ್ಜೆಯ ಅಧ್ಯಾಯ ಪೂರ್ತಿ ತೆಗೆದು, ಒಬ್ಬೊಬ್ಬರನ್ನೂ ಕೂರಿಸಿ ಕೇಳಿ, ಹೊಸದಾಗಿ ಬರಿ. ಅದಕ್ಕೆ ಇನ್ನೂ ಒಂದು ತಿಂಗಳು ಬೇಕು."

ಇದರಲ್ಲಿ ಯೋಚಿಸಲು ಏನಿದೆ? ಮೊದಲನೆಯ ದಾರಿ ಹಿಡಿದೆ. ಎರಡೇ ದಿನದಲ್ಲಿ ಎಲ್ಲರನ್ನೂ ಒಪ್ಪಿಸಿದೆ. ಒಪ್ಪಿಸುವುದೆಂದರೆ ನನಗೆ ಗೊತ್ತಿರುವುದು ಒಂದೇ ರೀತಿ, ಎದುರಿನವರು ಉಸಿರು ತೆಗೆದುಕೊಳ್ಳುವ ಮೊದಲು ನಾನು ಮುಂದಿನ ಮಾತು ಆಡಿಬಿಡುವುದು. "ಒಂದ್ವಾರ ತಾನೆ? ನಿಮ್ಮಣ್ಣ ಒಂದ್ವಾರ ಫೋನಿಲ್ದೆ ಇರಾಕಾಗಲ್ವಾ?" ಎಂದರೆ, "ಆಗ್ತದೆ ಬಿಡಕ್ಕ" ಎನ್ನದೆ ಇನ್ನೇನು ಹೇಳುತ್ತಾರೆ? ಉಳಿದವಳು ರಾಯಕೋಟೆಯ ಹುಡುಗಿ ಒಬ್ಬಳೇ. ಅವಳು ಮಾತ್ರ, "ನಮ್ಮಮ್ಮನ್ನ ಕೇಳ್ಬೇಕು ಅಕ್ಕ" ಎಂದು ನೆಲ ನೋಡಿದಳು. ಮಾರನೆಯ ದಿನವೂ ಅದೇ ಮಾತು. ಕೇಳಿದ್ಯಾ ಎಂದರೆ ಬಾಟಲಿಯ ಮುಚ್ಚಳ ತಿರುಗಿಸುತ್ತಾಳೆ. ನನಗೆ ತಲೆ ಕೆಟ್ಟುಹೋಯಿತು. "ನಾನೇ ಬಂದು ಕೇಳ್ತೀನಿ" ಎಂದು ಭಾನುವಾರ ರಾಯಕೋಟೆಯ ಬಸ್ಸು ಹತ್ತಿದೆ.

ಅವರ ಮನೆ ಕೋಟೆಯ ಬೆಟ್ಟದ ಕಡೆ, ಬಸ್ ನಿಲ್ದಾಣದಿಂದ ಒಳ್ಳೆ ದೂರ. ನಾನು ಹೋದಾಗ ಅವಳ ಅಮ್ಮ ಆಗ ತಾನೇ ಕೆಲಸದಿಂದ ಬಂದು, ಜಗಲಿಯ ಮೇಲೆ ಕೂತು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡಿದ್ದರು. ಎತ್ತರದ ಹೆಂಗಸು. ಬೆರಳುಗಳ ತುಂಬ ಮುಳ್ಳು ತರಚಿದ ಗೀರುಗಳು. ನನ್ನನ್ನು ಕಂಡು ಏಳಲು ಹೋದರು, ಮಂಡಿ ಹಿಡಿದುಕೊಂಡು ಮತ್ತೆ ಕೂತರು.

"ನೀನೇನಮ್ಮಾ ಫೋನು ಕಟ್ಕಂಡಿರಿ ಅಂದಿದ್ದು? ಬಾ ಕೂತ್ಕೊ. ಒಂದ್ವಾರ ನೀರಿಗೋದ್ರೂ ಬಿಚ್ಚಿಲ್ಲ ಕಣಮ್ಮಾ. ಇವ್ಳು ಬುಡ್ತಾನೇ ಇರ್ಲಿಲ್ಲ. ಎಲ್ಲಾ ಸರ್ಯಾಗಿ ಬಂದೈತಾ?"

"ಸರ್ಯಾಗೇ ಬಂದೈತಮ್ಮಾ" ಎಂದೆ. ಸುಳ್ಳೇನಲ್ಲ.

"ನಂಗೆ ಶೂ ಕೊಡ್ತಾರೆ ಅಂತಾಳೆ ಇವ್ಳು. ಶೂ ಇಕ್ಕಂಡು ಆ ಕೆಸರಾಗೆ ಎಲ್ಲಿಗೋಗ್ಲಿ, ಜಾರಿ ಬೀಳಾಕಾ?" ಎಂದು ನಕ್ಕರು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ನಗಲಿಲ್ಲ.

ನಾನು ಬಂದ ಕೆಲಸ ಹೇಳಿದೆ. ಒಂದು ವಾರ ಫೋನು ಮಗಳ ಹತ್ತಿರ ಇರಬೇಕು, ಅವಳ ನಡಿಗೆ ಎಣಿಸಬೇಕು, ನನ್ನ ಪ್ರಾಜೆಕ್ಟು ಅದರ ಮೇಲೇ ನಿಂತಿದೆ ಎಂದೆ. ಆಸ್ಪತ್ರೆಯ ಕೆಲಸದ ವಿಷಯವನ್ನೂ ಸೇರಿಸಿದೆ, ಕನಿಕರ ಹುಟ್ಟಲಿ ಎಂದು. ಅವರು ಅರೆಕ್ಷಣವೂ ಯೋಚಿಸಲಿಲ್ಲ. ಸೊಂಟದಿಂದ ಚೀಲ ತೆಗೆದು, ಅದರಿಂದ ಫೋನು ತೆಗೆದು, ಸೆರಗಿನಿಂದ ಒರೆಸಿ ನನ್ನ ಕೈಗೇ ಕೊಟ್ಟರು. "ಇಷ್ಟೇ ತಾನೆ? ತಕಳಮ್ಮಾ. ಓದಿಗಿಂತ ಎಚ್ಚಾ ಇದು?"

"ಅಮ್ಮಾ, ಸೂಪರ್‌ವೈಸರ್ ಫೋನ್ ಮಾಡಿದ್ರೆ?" ಎಂದಳು ಹುಡುಗಿ.

"ಮಾಡ್ತಾನೆ. ಎತ್ತಲಿಲ್ಲ ಅಂದ್ರೆ ಇನ್ನೊಬ್ರಿಗೆ ಮಾಡ್ತಾನೆ."

"ಓದ್ಸಲ ಜ್ವರ ಬಂದು ಎಲ್ಡು ದಿನ ಎತ್ತಲಿಲ್ಲ ಅಂತ ತಿಂಗಳಗಂಟ ಕರೀಲಿಲ್ಲ ಅವ್ನು."

"ಕರೀದಿದ್ರೆ ಮನೇಲಿರ್ತೀನಿ ಬುಡು. ಕಾಲಾನ ಆರಾಮಾಯ್ತವೆ" ಎಂದು ಅಮ್ಮ ಅವಳನ್ನು ಗದರಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ನಾಳೆ ಕೆಲಸ ಇದೆಯೋ ಇಲ್ಲವೋ, ಯಾವ ಪಾಲಿಹೌಸಿಗೆ ಹೋಗಬೇಕು ಎಂಬುದನ್ನೆಲ್ಲ ಹಗಲು ಹೊತ್ತಿನಲ್ಲಿ, ಮಗಳು ಕಾಲೇಜಿನಲ್ಲಿರುವಾಗ, ಫೋನಿನಲ್ಲೇ ಹೇಳುತ್ತಾರೆ. ಎರಡು ರಿಂಗಿಗೆ ಎತ್ತದಿದ್ದರೆ ವ್ಯಾನಿನಲ್ಲಿ ಆ ಜಾಗಕ್ಕೆ ಬೇರೆಯವರು. ಇದನ್ನೆಲ್ಲ ಅವರು ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು.

ಫೋನು ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಈಗ ಬರೆಯುವಾಗ ಸುಳ್ಳು ಹೇಳಿ ಏನು ಪ್ರಯೋಜನ, ಅದನ್ನು ಆ ಹುಡುಗಿಯ ಕೈಗೆ ಕೊಟ್ಟು ಎದ್ದುಬಿಡಬೇಕೆಂದೇ ನನಗೆ ಅನ್ನಿಸಿತು. ಅವರೇ ಕೊಡುತ್ತಿದ್ದಾರೆ, ನಾನೇನು ಕಿತ್ತುಕೊಳ್ಳುತ್ತಿಲ್ಲವಲ್ಲ. ಒಂದು ವಾರ ತಾನೆ. ನನಗೂ ಒಂದೇ ಜಾಗ ಇರುವುದು, ನಾನು ಹೋಗದಿದ್ದರೆ ಅಲ್ಲಿಯೂ ಪಟ್ಟಿಯಲ್ಲಿ ಮುಂದಿನವಳನ್ನು ಕರೆಯುತ್ತಾರೆ. ಇಷ್ಟನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವಾಗ, ಎರಡು ದಿನದಲ್ಲಿ ಒಪ್ಪಿಸಿದ ಉಳಿದವರೆಲ್ಲ ನೆನಪಿಗೆ ಬಂದರು. ಅವರಿಗೂ ಯಾರು ಯಾರು ಫೋನು ಮಾಡುತ್ತಿದ್ದರೋ, ಆ ಅಣ್ಣ, ಆ ತಾತ, ಆ ತರಲೆಯ ಅಮ್ಮ ಏನು ಮಾಡಿಕೊಂಡರೋ. ನಾನು ಹೋಗಿ ನೋಡಿರಲಿಲ್ಲ. ನೋಡಿದ್ದು ಇದೊಂದೇ ಮನೆ, ಅದೂ ಇವಳು ಬೇಗ ಹೂಂ ಎನ್ನಲಿಲ್ಲವೆಂಬ ಸಿಟ್ಟಿಗೆ. ನನಗೆ ನಾಚಿಕೆಯಾಯಿತು.

ಫೋನನ್ನು ಅವರ ಪಕ್ಕದಲ್ಲಿ ಇಟ್ಟೆ. "ಬೇಡಮ್ಮಾ. ನಿಮ್ಮತ್ರಾನೇ ಇರ್ಲಿ."

"ಅಯ್ಯೋ, ಯಾಕಮ್ಮಾ? ನಿನ್ ಕೆಲ್ಸ?"

"ಬೇರೆ ತರ ಮಾಡ್ತೀನಿ."

ಹುಡುಗಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಒಳಗೆ ಹೋಗಿ ಕಾಫಿ ಇಟ್ಟಳು.

ಮರುದಿನವೇ ಎಲ್ಲರಿಗೂ ಫೋನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಗುಂಪಿನಲ್ಲಿ ಬರೆದೆ, ಯಾವ ಆಶ್ಚರ್ಯಸೂಚಕವೂ ಇಲ್ಲದೆ. ಹೆಜ್ಜೆಯ ಅಧ್ಯಾಯ ತೆಗೆದುಹಾಕಿದೆ. ಶೂಸಿನ ಮಾತೂ ಅಲ್ಲಿಗೆ ಬಿದ್ದುಹೋಯಿತು. ಒಬ್ಬೊಬ್ಬರನ್ನೂ ಕೂರಿಸಿ, ನಾನೂ ಎದುರಿಗೆ ಕೂತು, ಬೆಳಗಿನಿಂದ ಏನೇನು ಮಾಡುತ್ತೀರಿ ಎಂದು ಕೇಳಿ ಬರೆದುಕೊಂಡೆ. ಅಷ್ಟು ಹೊತ್ತು ಕೂತು ನನಗೆ ಬೆನ್ನು ಹಿಡಿಯಿತು. ತಿಂಗಳ ಕೊನೆಗೆ ಪತ್ರ ಸಿಗಲಿಲ್ಲ. ಆಸ್ಪತ್ರೆಯವರು ಮುಂದಿನ ಹುಡುಗಿಯನ್ನು ಕರೆದರು. ನಾನು ಎರಡು ದಿನ ಅತ್ತೆ, ಅಮ್ಮನ ಜೊತೆ ಕಾರಣವಿಲ್ಲದೆ ಜಗಳವಾಡಿದೆ, ಹಾಲಿಗೆ ಬೇರೆ ಅಂಗಡಿಗೆ ಹೋದೆ. ಒಳ್ಳೆಯದು ಮಾಡಿದೆನೆಂಬ ಸಮಾಧಾನ ಆ ದಿನಗಳಲ್ಲಿ ಒಂದು ಚೂರೂ ಇರಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಕಾಫಿ ಕುಡಿದು ಎದ್ದಾಗ, ಬೇಡ ಬೇಡವೆಂದರೂ ಕೇಳದೆ ಆ ಅಮ್ಮ ನನ್ನನ್ನು ಬಸ್ಸು ಹತ್ತಿಸಲು ಬಂದರು. ಮಂಡಿ ನೋಯುತ್ತಿತ್ತು, ಆದರೂ ಅವರ ನಡಿಗೆಗೆ ನಾನು ಸಮನಾಗಲು ಆಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಒಬ್ಬರ ಹಿಂದೆ ಬಿದ್ದು ಏದುಸಿರು ಬಿಡುತ್ತಾ ನಡೆದೆ. ನಿಲ್ದಾಣದಲ್ಲಿ ಅವರು ಕಂಬಕ್ಕೆ ಒರಗಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಾ ಕೇಳಿದರು.

"ಅಲ್ಲಮ್ಮಾ, ಇಷ್ಟೆಲ್ಲಾ ಓದಿದೀಯಲ್ಲ. ಮನುಸ್ರು ಚೆಂದಾಗಿರಾಕೆ ದಿನಕ್ಕೆ ಎಷ್ಟು ನಡೀಬೇಕು ಅಂತೈತೆ ನಿನ್ ಪುಸ್ತಕದಾಗೆ?"

ಅದು ನನ್ನ ಫಾರ್ಮಿನ ಮೊದಲ ಭಾಗದ ಪ್ರಶ್ನೆ. ಉತ್ತರ ನನಗೆ ಬಾಯಿಪಾಠ. "ಅರ್ಧ ಗಂಟೆ ಅಮ್ಮಾ. ಬಿರಬಿರನೆ ಅರ್ಧ ಗಂಟೆ ನಡೆದ್ರೆ ಸಾಕು."

"ಅರ್ಧ ಗಂಟೆ ಸಾಕಾ?"

"ಸಾಕು."

ಅವರು ಬೆಟ್ಟದ ಕಡೆ ನೋಡಿದರು. ಮನಸ್ಸಿನಲ್ಲೇ ಏನೋ ಕೂಡಿಸಿದರು, ಕಳೆದರು.

"ಹಂಗಾರೆ ಮಿಕ್ಕಿದ್ದು ಯಾತಕ್ಕಮ್ಮಾ?"

ಅವರು ಕೊಂಕು ಆಡುವ ಹೆಂಗಸಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದರು, ಓದಿದ ಹುಡುಗಿ ಹೇಳುತ್ತಾಳೆಂದು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಬಸ್ಸು ಬರುವವರೆಗೂ ಹಾಗೇ ನಿಂತಿದ್ದರು.